ಕಾಕಾನ ಹೊಟ್ಟೆಯೊಳಗಿನ ಹಿಂಡು

"ಹಂಗಾದ್ರ ನನ್ನ ಹೊಟ್ಟ್ಯಾಗ ಈಗ ಎಷ್ಟು ಅದಾವ್ರಿ?"

ಜಮಖಂಡಿಯ ಸಣ್ಣ ದವಾಖಾನೆಯೊಂದರಲ್ಲಿ ಸ್ಟೂಲಿನ ಮೇಲೆ ಕೂತು ನಮ್ಮ ಕಾಕಾ ಹೀಗೆ ಕೇಳಿದ. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಎಣಿಸಲು ಬರುವುದಿಲ್ಲ, ಕೋಟಿ ಕೋಟಿ ಇರುತ್ತವೆ ಎಂದರು. ಕಾಕಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. ದಿನಾ ಸಂಜೆ ಕುರಿ ಎಣಿಸಿಯೇ ಊಟಕ್ಕೆ ಕೂರುತ್ತಿದ್ದ ಮನುಷ್ಯ ಆತ. ಎಣಿಸಲು ಬಾರದ ಹಿಂಡನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಇಷ್ಟು ವರ್ಷ ತಿರುಗಿದ್ದೇನೆ ಎಂದರೆ ಆತ ನಂಬುವುದಾದರೂ ಹೇಗೆ?

ನಾನೂ ನಂಬಿರಲಿಲ್ಲ ಬಿಡಿ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಬ್ಯಾಕ್ಟೀರಿಯಾ ಎಂದರೆ ನನಗೆ ಗೊತ್ತಿದ್ದದ್ದು ಪ್ಲೇಗು, ಕಾಲರಾ. ಅವು ಬಂದಾಗ ಊರು ಬಿಡಬೇಕು, ಅಷ್ಟೇ.

ಕಾಕಾನನ್ನು ಮೊದಲು ಪರಿಚಯಿಸುತ್ತೇನೆ. ಹೆಸರು ಬೀರಪ್ಪ, ನನ್ನ ಅಪ್ಪನ ತಮ್ಮ. ಊರು ಬೀಳಗಿ ತಾಲೂಕಿನ ಅನಗವಾಡಿ. ನಮ್ಮದು ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅಪ್ಪ ಸಾಲಿ ಕಲಿತು, ಮಾಸ್ತರನಾಗಿ ಜಮಖಂಡಿಗೆ ಬಂದ. ಕಾಕಾ ಹಿಂಡಿನ ಜೊತೆಗೇ ಉಳಿದ. ಬೀಳಗಿಯ ಗುಡ್ಡ, ಮುಧೋಳದ ಕಡೆಯ ಹೊಲ, ಎಲ್ಲಿ ಮೇವು ಇದೆಯೋ ಅಲ್ಲಿ ಅವನ ಕಂಬಳಿ. ಎರಡು ವರ್ಷದ ಹಿಂದೆ ಮೊಣಕಾಲು ಹಿಡಿದುಕೊಂಡವು. ಹಿಂಡನ್ನು ಮಗ ಮಾಳಪ್ಪನ ಕೈಗೆ ಕೊಟ್ಟು ಮನೆಯಲ್ಲಿ ಕೂತ.

ಆ ಸಲ ಜಮಖಂಡಿಯ ನನ್ನ ಮನೆಗೆ ಬಂದದ್ದೂ ಮೊಣಕಾಲು ತೋರಿಸಲೆಂದೇ. ಆದರೆ ಬಂದ ದಿನವೇ ನೋಡಿದೆ, ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದ, ಕೂತಲ್ಲೇ ತೂಕಡಿಸುತ್ತಿದ್ದ, ಮೈ ಇಳಿದಿತ್ತು. ಡಾಕ್ಟರಮ್ಮ ಮೊಣಕಾಲನ್ನು ಬದಿಗಿಟ್ಟು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಶುಗರ್. ಅದೂ ಚೆನ್ನಾಗಿಯೇ ಏರಿತ್ತು.

ಕಾಕಾನಿಗೆ ಅವಮಾನವಾದಂತಾಯಿತು. ಯಾಕೆಂದರೆ ಆತ ಸಿಹಿ ತಿನ್ನುವವನೇ ಅಲ್ಲ. ಹಬ್ಬದ ದಿನ ಹೋಳಿಗೆ ಮಾಡಿದರೂ ಅರ್ಧ ತಿಂದು ಖಾರ ಕೇಳುವವನು. ಅವನ ಜೊತೆ ಬಂದಿದ್ದ ಹೆಂಡತಿ, ನನ್ನ ಚಿಗವ್ವ ಲಕ್ಕವ್ವ, ಬೆಲ್ಲದ ಡಬ್ಬಿಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರುತ್ತಾಳೆ. ಶೇಂಗಾ ಒಂದು ಹಿಡಿ, ಬೆಲ್ಲ ಒಂದು ಚೂರು, ದಿನವಿಡೀ. ಅವಳದ್ದೂ ಪರೀಕ್ಷೆ ಆಗಲೇಬೇಕೆಂದು ಕಾಕಾ ಹಟ ಹಿಡಿದ. ಆಯಿತು. ಅವಳದ್ದು ನಾರ್ಮಲ್. ಕಾಕಾ ಅವಳ ಕಡೆ ನೋಡಿದ ನೋಟವಿತ್ತಲ್ಲ, ಕುರಿ ಕಳವು ಮಾಡಿದವರನ್ನೂ ಆತ ಹಾಗೆ ನೋಡಿರಲಾರ.

ನೀವೂ ಇದನ್ನು ನೋಡಿರುತ್ತೀರಿ. ಒಂದೇ ಮನೆ, ಒಂದೇ ಒಲೆ, ಒಬ್ಬರಿಗೆ ಶುಗರ್, ಇನ್ನೊಬ್ಬರಿಗೆ ಇಲ್ಲ. ಯಾಕೆ?

ನಾನು ಇದನ್ನೇ ಕೇಳಿದೆ. ಡಾಕ್ಟರಮ್ಮ ಸಾವಧಾನದ ಹೆಂಗಸು. ಮನೆತನದಲ್ಲಿ ಇರಬಹುದು, ವಯಸ್ಸು, ನಡೆದಾಟ ನಿಂತದ್ದು, ಹೊಟ್ಟೆಯ ಸುತ್ತಲಿನ ಕೊಬ್ಬು, ಹೀಗೆ ಗೊತ್ತಿರುವ ಕಾರಣಗಳನ್ನೆಲ್ಲ ಹೇಳಿದರು. ಆಮೇಲೆ, ಈಗೀಗ ವಿಜ್ಞಾನಿಗಳು ಇನ್ನೊಂದು ಕಡೆಗೂ ನೋಡುತ್ತಿದ್ದಾರೆ ಎಂದು ಕರುಳಿನ ಬ್ಯಾಕ್ಟೀರಿಯಾಗಳ ವಿಷಯ ಎತ್ತಿದರು. ಕಾಕಾ "ಎಷ್ಟು ಅದಾವ್ರಿ" ಎಂದು ಕೇಳಿದ್ದು ಆಗಲೇ.

ನನಗೆ ಅರ್ಥವಾದಷ್ಟು ಹೇಳುತ್ತೇನೆ. (ತಪ್ಪಿದ್ದರೆ ವಿಜ್ಞಾನ ಕಲಿಸುವ ಓದುಗರು ತಿದ್ದಬೇಕು.) ನಾವು ತಿಂದದ್ದೆಲ್ಲ ನಮಗೆ ಜೀರ್ಣವಾಗುವುದಿಲ್ಲ. ಕಾಳಿನ ಸಿಪ್ಪೆ, ಸೊಪ್ಪು, ಜೋಳದ ತೌಡು, ಇವುಗಳ ನಾರು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾಯುತ್ತಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅದನ್ನು ತಿಂದು ಅವು ಕೆಲವು ಆಮ್ಲಗಳನ್ನು ತಯಾರಿಸುತ್ತವೆ. ಆ ಆಮ್ಲಗಳು ಕರುಳಿನ ಒಳಗೋಡೆಯನ್ನು ಗಟ್ಟಿಯಾಗಿಡುತ್ತವೆ, ರಕ್ತದ ಸಕ್ಕರೆಯನ್ನು ನಿಭಾಯಿಸುವ ಇನ್ಸುಲಿನ್ ಕೆಲಸಕ್ಕೂ ನೆರವಾಗುತ್ತವೆ. ನಾರು ಬರುವುದು ನಿಂತರೆ ಅವುಗಳಲ್ಲಿ ಒಳ್ಳೆಯ ಜಾತಿಯವು ಕಡಿಮೆಯಾಗುತ್ತವೆ. ಕರುಳಿನ ಗೋಡೆ ಸಡಿಲಾಗಿ, ಒಳಗೆ ಬರಬಾರದ್ದು ರಕ್ತಕ್ಕೆ ಜಿನುಗಿ, ಮೈಯಲ್ಲಿ ಸಣ್ಣ ಉರಿಯೂತ ಶುರುವಾಗುತ್ತದೆ. ಆಗ ದೇಹ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ.

ಇಷ್ಟು ಹೇಳಿ ಡಾಕ್ಟರಮ್ಮ ಒಂದು ಎಚ್ಚರಿಕೆಯನ್ನೂ ಸೇರಿಸಿದರು. ಎರಡಕ್ಕೂ ಸಂಬಂಧ ಇದೆ ಅಂತ ಕಾಣುತ್ತದೆ, ಆದರೆ ಬ್ಯಾಕ್ಟೀರಿಯಾ ಕೆಟ್ಟು ಶುಗರ್ ಬಂತೋ, ಶುಗರ್ ಬಂದು ಬ್ಯಾಕ್ಟೀರಿಯಾ ಕೆಟ್ಟವೋ, ಪೂರ್ತಿ ಬಿಡಿಸಿ ಹೇಳುವಷ್ಟು ಇನ್ನೂ ತಿಳಿದಿಲ್ಲ ಅಂದರು. ತಿಳಿಯದ್ದನ್ನು ತಿಳಿಯದು ಎನ್ನುವ ಡಾಕ್ಟರು ಸಿಗುವುದು ಅಪರೂಪ. ನನಗೆ ಅವರ ಮೇಲೆ ವಿಶ್ವಾಸ ಬಂದದ್ದು ಆ ಕ್ಷಣದಲ್ಲಿ.

ಆಮೇಲೆ ಅವರು ಕಾಕಾನ ಊಟ ವಿಚಾರಿಸಿದರು. ಮೊದಲೆಲ್ಲ ಏನು ಉಣ್ಣುತ್ತಿದ್ದೆ ಎಂದರೆ ಕಾಕಾ ಹುರುಪಿನಿಂದ ಹೇಳಿದ: ಜೋಳದ ರೊಟ್ಟಿ, ಇಲ್ಲವೇ ಸಜ್ಜೆ ರೊಟ್ಟಿ, ಅಗಸಿ ಹಿಂಡಿ ಎನ್ನುವ ಚಟ್ನಿಪುಡಿ, ಹೊಲದಲ್ಲಿ ಸಿಕ್ಕ ಸೊಪ್ಪು, ಮಡಕಿಕಾಳು, ಮಜ್ಜಿಗೆ. ಈಗ? ಈಗ ಹುರುಪಿಲ್ಲ. ಹೆಚ್ಚಿನ ಹಲ್ಲು ಬಿದ್ದು ರೊಟ್ಟಿ ಸರಿಯಾಗಿ ಅಗಿಯಲಾಗದೆ ಎರಡೂ ಹೊತ್ತು ಬಿಳಿ ಅನ್ನ, ತಿಳಿ ಸಾರು. ಬೆಳಿಗ್ಗೆ ಚಹಾದ ಜೊತೆ ಖಾರಿ ಬಿಸ್ಕೀಟು, ಸಂಜೆ ಚಹಾದ ಜೊತೆ ಬನ್ನು. ನಡುವೆ ಜ್ವರ ಬಂದಾಗಲೆಲ್ಲ ಅಂಗಡಿಯಿಂದ ತಾನೇ ತಂದು ನುಂಗಿದ ಆ್ಯಂಟಿಬಯಾಟಿಕ್ ಗುಳಿಗೆಗಳು. ಅವು ಕೆಟ್ಟವುಗಳ ಜೊತೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವಂತೆ.

ಕಾಕಾನಿಗೆ ಇದೆಲ್ಲ ಥಟ್ಟನೆ ಹೊಳೆಯಿತು. ಗೋವಿನಜೋಳದ ರಾಶಿ ಮಾಡಿದ ಹೊಲಕ್ಕೆ ಹಿಂಡು ನುಗ್ಗಿ, ಯಾವುದಾದರೂ ಕುರಿ ಬರೀ ಕಾಳು ಮುಕ್ಕಿದರೆ ಅದರ ಹೊಟ್ಟೆ ಉಬ್ಬುತ್ತದೆ, ಮೆಲುಕು ನಿಲ್ಲುತ್ತದೆ, ಅದು ಮಲಗಿಬಿಡುತ್ತದೆ. ಆಗ ಗಟ್ಟಿಮುಟ್ಟಾದ ಇನ್ನೊಂದು ಕುರಿಯ ಬಾಯಿಂದ ಮೆಲುಕಿನ ಉಂಡೆ ತೆಗೆದು ಇದರ ಬಾಯಿಗೆ ಹಾಕುತ್ತಾರೆ. ಎಷ್ಟೋ ಸಲ ಕುರಿ ಏಳುತ್ತದೆ. ಇದನ್ನೆಲ್ಲ ಹೇಳಿ, ಇದೂ ಅದೇ ಏನು ಎಂದು ಕೇಳಿದ.

ಡಾಕ್ಟರಮ್ಮ ಕುರ್ಚಿ ಮುಂದಕ್ಕೆಳೆದುಕೊಂಡರು. ಸ್ವಲ್ಪ ಹಾಗೆಯೇ ಎಂದರು. ಮನುಷ್ಯರಲ್ಲೂ ಗಟ್ಟಿ ಮನುಷ್ಯನ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ರೋಗಿಯ ಕರುಳಿಗೆ ಸೇರಿಸುವ ಪ್ರಯೋಗಗಳು ನಡೆದಿವೆಯಂತೆ. ಮನುಷ್ಯ ಮೆಲುಕು ಹಾಕುವ ಪ್ರಾಣಿ ಅಲ್ಲವಲ್ಲ, ಹಾಗಿದ್ದರೆ ಎಲ್ಲಿಂದ ತೆಗೆಯುತ್ತಾರೆ ಎಂದು ಕಾಕಾ ಕೇಳಿದ. ಡಾಕ್ಟರಮ್ಮ ಮೆಲ್ಲಗೆ, ಮರ್ಯಾದೆಯ ಮಾತಿನಲ್ಲಿ, ಎಲ್ಲಿಂದ ಎಂದು ಹೇಳಿದರು.

ಕಾಕಾ ಸ್ಟೂಲನ್ನು ತುಸು ಹಿಂದಕ್ಕೆ ಸರಿಸಿಕೊಂಡ.

"ನನಗ ಗುಳಿಗೀನ ಕೊಡ್ರಿ ಬಾಯಾರ" ಎಂದ ಡಾಕ್ಟರಮ್ಮನಿಗೆ.

ಗುಳಿಗೆ ಕೊಟ್ಟರು. ನಾರಿನ ಊಟ ಮತ್ತೆ ಶುರು ಮಾಡಲು, ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತಿನ್ನಲು ಹೇಳಿದರು. ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದರಲ್ಲಿರುವ ನಾರು ಬಲು ಇಷ್ಟವಂತೆ. ನೀವೂ ತಿನ್ನುತ್ತೀರಾ ಎಂದು ಚಿಗವ್ವ ವಿಚಾರಿಸಿದಳು. ಡಾಕ್ಟರಮ್ಮ ತೇರದಾಳ ಕಡೆಯ ಜೈನರ ಮನೆಯವರು, ಉಳ್ಳಾಗಡ್ಡಿ ಮುಟ್ಟುವವರಲ್ಲ. ನಮ್ಮ ಮನೆಯ ಬ್ಯಾಕ್ಟೀರಿಯಾಗಳಿಗೆ ಕಾಳು, ಸೊಪ್ಪು ಸಾಕಾಗುತ್ತದೆ ಎಂದು ನಕ್ಕುಬಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ವಾರದ ಅಂಕಣದಲ್ಲಿ ಬೇರೆ ಏನನ್ನೋ ಬರೆಯುತ್ತಿದ್ದೆ.

ಕಾಕಾ ಊರಿಗೆ ಹೋದ. ಫೋನಿನಲ್ಲಿ ಕೇಳಿದಾಗಲೆಲ್ಲ "ಛಲೋ ಅದೇನವ್ವಾ" ಎನ್ನುತ್ತಿದ್ದ. ಹೇಗೋ ಮುರಿದು ರೊಟ್ಟಿ ತಿನ್ನುತ್ತಿದ್ದೇನೆ, ಮಜ್ಜಿಗೆ ಕುಡಿಯುತ್ತಿದ್ದೇನೆ, ಮೊಣಕಾಲೂ ಪರವಾಗಿಲ್ಲ, ಮಗನ ಜೊತೆ ಹಿಂಡಿನ ಕಡೆ ಹೋಗಿಬರುತ್ತಿದ್ದೇನೆ. ಕೇಳಲು ಹಿತವಾಗಿತ್ತು. ಗುಳಿಗೆ? ಅದಕ್ಕೆ ಆತ ಕುರಿಯ ಸುದ್ದಿ ಹೇಳುತ್ತಿದ್ದ.

ಒಂದು ದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಾಗ ಚಿಗವ್ವನ ಫೋನು ಬಂತು. ಕಾಕಾನ ಕಾಲಿನ ಹೆಬ್ಬೆರಳು ಕಪ್ಪಗಾಗಿದೆ, ವಾಸನೆ ಬರುತ್ತಿದೆ, ದವಾಖಾನೆಗೆ ಕರೆದರೆ ಬರಲೊಲ್ಲ ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. ಅದೇ ನನಗೆ ಹೆಚ್ಚು ಗಾಬರಿ ಹುಟ್ಟಿಸಿತು.

ರಜೆ ಹಾಕಿ ಬೀಳಗಿ ಬಸ್ಸು ಹತ್ತಿದೆ. ಅನಗವಾಡಿಯಲ್ಲಿ ಇಳಿದಾಗ ಆತ ಮನೆಯಲ್ಲಿರಲಿಲ್ಲ. ಊರ ಹೊರಗೆ ಕಬ್ಬು ಕಡಿದ ಹೊಲವೊಂದರಲ್ಲಿ ಹಿಂಡು ತರುಬಿದ್ದರು. ಗೊಬ್ಬರಕ್ಕೆಂದು ಕುರಿಗಳನ್ನು ಹೊಲದಲ್ಲಿ ನಿಲ್ಲಿಸುವುದು ನಮ್ಮ ಕಡೆ ರೂಢಿ. ಕಾಕಾ ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದ. ಹೆಬ್ಬೆರಳಿಗೆ ಹಳೆಯ ಧೋತರದ ಚೂರು ಸುತ್ತಿತ್ತು. ಬಿಚ್ಚಿ ನೋಡಿದೆ. ನೋಡಬಾರದಿತ್ತು ಅನಿಸಿತು. ಮುಳ್ಳು ಯಾವಾಗ ಚುಚ್ಚಿತೋ ಅವನಿಗೇ ಗೊತ್ತಿಲ್ಲ. ನೋವೇ ಆಗಿಲ್ಲವಂತೆ. ಜೀವನವಿಡೀ ಮುಳ್ಳಿನಲ್ಲಿ ನಡೆದವನಿಗೆ ಮುಳ್ಳು ಚುಚ್ಚಿದ್ದು ತಿಳಿಯಲಿಲ್ಲ ಎಂದರೆ, ಕಾಲಿನ ನರಗಳು ಯಾವ ಗತಿಗೆ ಬಂದಿರಬೇಕು?

ಗುಳಿಗೆ ಬಿಟ್ಟು ಬಹಳ ದಿನವಾಗಿತ್ತು. ಯಾಕೆ ಬಿಟ್ಟೆ ಎಂದು ಕೇಳಿದೆ. ಆತ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಲಿಲ್ಲ. ಲೆಕ್ಕ ಬಿಡಿಸಿದವನ ಹಾಗೆ ಹೇಳಿದ.

"ಆ ಗುಳಿಗಿ ನುಂಗಿದ್ರ ಹೊಟ್ಟಿ ಗುಡುಗುಡು ಅಂತಿತ್ತು ಯವ್ವಾ, ನಾಕ್ ನಾಕ್ ಸಲ ಹೊರಗ ಹೋಗ್ತಿದ್ದೆ. ಬಾಯಾರು ಏನಂದ್ರು? ಒಳಗಿನ ಹುಳಾ ಕಾಪಾಡ್ಕೋ ಅಂದ್ರು. ಈ ಗುಳಿಗಿ ಅವನ್ನೆಲ್ಲ ಹೊರಗ ಹಾಕಾಕತ್ತೈತಿ ಅನ್ನಿಸ್ತು. ಅದಕ್ಕ ಬಿಟ್ಟೆ. ರೊಟ್ಟಿ ಮಜ್ಜಿಗಿ ಹಾಕಿ ಅವನ್ನ ಸಾಕಾಕತ್ತೇನಿ."

ಅವನ ವಾದದಲ್ಲಿ ನನಗೆ ಕೊಂಕು ಕಾಣಲಿಲ್ಲ. ಆದರೆ ಕಾಲು ಕೊಳೆಯುತ್ತಿತ್ತು. ಅರ್ಧ ಅರ್ಥವಾದ ವಿಜ್ಞಾನ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತದೆ ನೋಡಿ.

ನಾನು ದವಾಖಾನೆ ಎಂದೆ. ಆತ ನಾಳೆ ಎಂದ. ಮಾಳಪ್ಪ ಬಂದು ಕೂತ, ಅಪ್ಪನ ಕಾಲನ್ನೇ ನೋಡಿದ. ಕೊನೆಗೆ ಕಾಕಾ ನನ್ನ ಕಡೆ ಬಗ್ಗಿ, ಮಗನಿಗೆ ಕೇಳಬಾರದೆಂಬಂತೆ ಸಣ್ಣ ದನಿಯಲ್ಲಿ ಕೇಳಿದ: "ಬೆರಳ ತಗೀತಾರೇನು?"

ಆಗ ತಿಳಿಯಿತು. ಬಾರದೆ ಇದ್ದದ್ದು ಹಟಕ್ಕಲ್ಲ. ಹೆದರಿಕೆಗೆ. ಹಿಂಡಿನ ಹಿಂದೆ ನಡೆಯುವುದು ಮತ್ತೆ ಈಗಷ್ಟೇ ಸಿಕ್ಕಿತ್ತು ಅವನಿಗೆ. ಬೆರಳು ಹೋದರೆ ಅದೂ ಹೋಯಿತು. ಗೊತ್ತಿಲ್ಲ ಕಾಕಾ, ಆದರೆ ನಾಳೆಗಿಂತ ಇವತ್ತು ಹೋದರೆ ಉಳಿಯುವ ಸಾಧ್ಯತೆ ಹೆಚ್ಚು ಎಂದೆ. ಆತ ಎದ್ದ. ಮಾಳಪ್ಪ ಒಂದು ಗಾಡಿ ತಂದ. ಜಮಖಂಡಿಯ ದಾರಿಯುದ್ದಕ್ಕೂ ಚಿಗವ್ವ ಕಾಕಾನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ಸಿಟ್ಟಿನಿಂದ ಅವನ ಮುಖ ಮಾತ್ರ ನೋಡಲಿಲ್ಲ.

ಡಾಕ್ಟರಮ್ಮ ಬೈಯುತ್ತಾರೆಂದು ನಾನು ಕಾದಿದ್ದೆ. ಬೈಯಲಿಲ್ಲ. ಹುಣ್ಣು ನೋಡಿ, ಒಬ್ಬ ಸರ್ಜನ್‌ರನ್ನು ಕರೆಸಿ, ಕೊಳೆತದ್ದನ್ನು ಕೆತ್ತಿಸಿದರು. ಎಲುಬಿಗೆ ಇಳಿದಿಲ್ಲ, ಬೆರಳು ಉಳಿಯಬಹುದು, ಆದರೆ ಮಾತು ಕೊಡಲಾರೆ ಎಂದರು. ಇನ್ಸುಲಿನ್ ಇಂಜೆಕ್ಷನ್ ಶುರುವಾಯಿತು. ಅಲ್ಲಿವರೆಗೆ ಕಾಕಾ ಎಲ್ಲದಕ್ಕೂ ತಲೆಯಾಡಿಸಿದ. ಆ್ಯಂಟಿಬಯಾಟಿಕ್ ಎಂಬ ಮಾತು ಬಂದಾಗ ಕೈ ಅಡ್ಡ ಮಾಡಿದ.

ಯಾಕೆಂದು ನಿಮಗೂ ಹೊಳೆದಿರಬೇಕು. ಒಳ್ಳೆಯವನ್ನೂ ಕೊಲ್ಲುವ ಔಷಧ ಅಂತ ಹೇಳಿದವರು ಅವರೇ ಅಲ್ಲವೇ? ಅದನ್ನೇ ಈಗ ಸಲಾಯಿನ್‌ನಲ್ಲಿ ಹಾಕುತ್ತೇನೆ ಎಂದರೆ?

ಡಾಕ್ಟರಮ್ಮ ಮಂಚದ ಪಕ್ಕ ಕೂತರು. ಆಗಿನ ಅವರ ಮಾತನ್ನು ನನಗೆ ನೆನಪಿರುವಂತೆಯೇ ಬರೆಯುತ್ತೇನೆ.

"ಕಾಕಾರ, ತೋಳ ಹಿಂಡಿನ್ಯಾಗ ಹೊಕ್ಕಾಗ ನೀವು ಕಲ್ಲು ಬೀಸ್ತೀರಿ. ಒಂದೆರಡು ಕಲ್ಲು ಕುರಿಗೂ ಬಡೀತಾವ. ಅದಕ್ಕಂತ ಸುಮ್ನ ನಿಂದರ್ತೀರೇನು? ಜ್ವರಕ್ಕ ನೀವ ಅಂಗಡ್ಯಾಗ ತಗೊಂಡು ನುಂಗೂದು ಬ್ಯಾರೆ, ಇದು ಬ್ಯಾರೆ. ಈಗ ತೋಳ ಒಳಗ ಐತಿ."

ಕಾಕಾ ಕೇಳಿದ, ಒಳಗಿನ ಒಳ್ಳೆಯವೆಲ್ಲ ಸತ್ತರೆ? ಎಲ್ಲವೂ ಸಾಯುವುದಿಲ್ಲ, ಉಳಿದವಕ್ಕೆ ಮೇವು ಹಾಕಿದರೆ ಮತ್ತೆ ಬೆಳೆಯುತ್ತವೆ, ಸಮಯ ಹಿಡಿಯುತ್ತದೆ ಎಂದರು. ಕಾಕಾ ಅಡ್ಡ ಹಿಡಿದ ಕೈ ತೆಗೆದ.

ಆಮೇಲೆ ಆ ಗುಳಿಗೆಯ ವಿಷಯ ಬಂತು. ಇಲ್ಲಿ ನನಗೆ ನಿಜಕ್ಕೂ ಅಚ್ಚರಿ. ಶುಗರ್‌ಗೆ ಮೊದಲು ಕೊಡುವ ಆ ಸಾಮಾನ್ಯ ಗುಳಿಗೆ ಶುರುವಿನಲ್ಲಿ ಹಲವರ ಹೊಟ್ಟೆ ಕೆಡಿಸುತ್ತದೆ, ನಿಜ. ಆದರೆ ಅದು ಕರುಳಿನ ಬ್ಯಾಕ್ಟೀರಿಯಾಗಳ ಸಮತೋಲವನ್ನು ಬದಲಿಸುತ್ತದಂತೆ. ಸಕ್ಕರೆ ಇಳಿಸುವ ತನ್ನ ಕೆಲಸದ ಒಂದು ಪಾಲನ್ನು ಬಹುಶಃ ಅವುಗಳ ಮೂಲಕವೇ ಮಾಡಿಸುತ್ತದಂತೆ! ಅಂದರೆ ಕಾಕಾ ಯಾವುದನ್ನು ಶತ್ರು ಎಂದುಕೊಂಡು ಬಿಟ್ಟನೋ ಅದು ಅವನ ಹಿಂಡಿನ ಕಡೆಯದ್ದೇ ಇರಬಹುದು.

"ಇದನ್ನ ಅವತ್ತ ಹೇಳಬೇಕಿತ್ತಲ್ರೀ" ಎಂದ ಕಾಕಾ. ಆಪಾದನೆ ಇರಲಿಲ್ಲ ಆ ಮಾತಿನಲ್ಲಿ, ಬೇಸರವಿತ್ತು.

ಹೇಳಬೇಕಿತ್ತು ಎಂದು ಡಾಕ್ಟರಮ್ಮ ಒಪ್ಪಿಕೊಂಡರು. ಹೊಟ್ಟೆ ಕೆಡುತ್ತದೆ ಎಂದು ಮೊದಲೇ ಹೇಳಿದರೆ ಕೆಲವರು ಗುಳಿಗೆ ಶುರುವನ್ನೇ ಮಾಡುವುದಿಲ್ಲ, ಅದಕ್ಕೇ ಹೇಳದೆ ಬಿಟ್ಟೆ ಎಂದರು. ಈ ಸಲ ಪ್ರಮಾಣ ಕಡಿಮೆ ಮಾಡಿ, ಊಟದ ಜೊತೆಗೇ ನುಂಗುವಂತೆ ಬರೆದುಕೊಟ್ಟರು.

ಹುಣ್ಣು ಮಾಯಲು ಬಹಳ ದಿನ ಹಿಡಿಯಿತು. ಕಾಕಾ, ಚಿಗವ್ವ ಇಬ್ಬರೂ ನನ್ನ ಮನೆಯಲ್ಲೇ ಉಳಿದರು. ಉಗುರು ಹೋಯಿತು, ಬೆರಳು ಉಳಿಯಿತು. ಡ್ರೆಸ್ಸಿಂಗ್ ಬಿಚ್ಚಿ ಸರ್ಜನ್ "ಇನ್ನು ಚಿಂತಿಲ್ಲ" ಎಂದ ದಿನ ಚಿಗವ್ವ ಹೊರಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಒಳಗೆ ಬಂದವಳು ಕಾಕಾನಿಗೆ ಮೊದಲ ಸಲ ನೆಟ್ಟಗೆ ಬೈದಳು.

ಹಲ್ಲು ಉದುರಿದ ಬಾಯಿಗೆ ನಾರು ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡವಳೂ ಅವಳೇ. ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಕಲಸಿದಳು. ರೊಟ್ಟಿಯನ್ನು ಕಾಳು ಪಲ್ಲೆಯ ರಸದಲ್ಲಿ ನೆನೆಸಿದಳು. ಮೆಂತೆ ಸೊಪ್ಪನ್ನು ಹಿಟ್ಟಿಗೇ ಕಲಸಿಬಿಟ್ಟಳು. ಒಮ್ಮೆಲೇ ಹೆಚ್ಚು ಮಾಡಬೇಡಿ, ಹೊಟ್ಟೆ ಉಬ್ಬುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಮೊದಮೊದಲು ಉಬ್ಬಿತು ಕೂಡ. (ಆ ದಿನಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಯಾರೂ ಕಾಕಾನ ಪಕ್ಕ ಕೂರುತ್ತಿರಲಿಲ್ಲ.) ಆಮೇಲೆ ಹೊಂದಿಕೊಂಡಿತು.

ಕಾಕಾ ಊರಿಗೆ ಮರಳಿದ ಮೇಲೂ ಪರೀಕ್ಷೆಗೆ ತಪ್ಪದೆ ಬಂದ. ಸಕ್ಕರೆ ನಿಧಾನಕ್ಕೆ ಇಳಿಯಿತು. ಇನ್ಸುಲಿನ್ ನಿಂತಿತು. ಗುಳಿಗೆ ನಿಂತಿಲ್ಲ, ನಿಲ್ಲಿಸುವ ಮಾತನ್ನೂ ಆತ ಆಡುವುದಿಲ್ಲ. ಯಾವುದರಿಂದ ಇಳಿಯಿತು, ಗುಳಿಗೆಯೋ, ನುಚ್ಚೋ, ನಡಿಗೆಯೋ ಎಂದು ನಾನು ಕೇಳಿದೆ. ಬಿಡಿಸಿ ಹೇಳಲು ಬರುವುದಿಲ್ಲ ಎಂದರು ಡಾಕ್ಟರಮ್ಮ. ಹಾಗಾದರೆ ಚಿಗವ್ವನಿಗೆ ಶುಗರ್ ಯಾಕೆ ಬರಲಿಲ್ಲ? ಅದಕ್ಕೂ ಅದೇ ಉತ್ತರ. ಇಂಥ ಉತ್ತರ ಮೊದಲಾಗಿದ್ದರೆ ನನಗೆ ಕಿರಿಕಿರಿಯಾಗುತ್ತಿತ್ತು. ಈಗ ಕುತೂಹಲವಾಗುತ್ತದೆ.

ಒಂದು ವಿಷಯ ಮಾತ್ರ ನನ್ನನ್ನು ಬಿಟ್ಟಿಲ್ಲ. ಇತಿಹಾಸದ ಪಾಠದಲ್ಲಿ ಯಾರು ಯಾವ ಕೋಟೆ ಗೆದ್ದರು ಎಂದು ಹೇಳುತ್ತೇನೆ. ಒಂದು ಸೀಮೆಯ ಜನ ಯಾವ ಕಾಳನ್ನು ಯಾವಾಗ ಉಣ್ಣುವುದು ಬಿಟ್ಟರು ಎಂದು ಯಾವ ಪಾಠದಲ್ಲೂ ಇಲ್ಲ. ನಮ್ಮ ಕಡೆ ನೀರು ಬಂತು, ಕಬ್ಬು ಬಂತು, ಕೈಯಲ್ಲಿ ನಾಲ್ಕು ಕಾಸೂ ಆಡಿತು. ಒಳ್ಳೆಯದೇ. ಆದರೆ ಅದರ ಜೊತೆಗೇ ತಾಟಿನಿಂದ ಏನೇನು ಎದ್ದುಹೋಯಿತು? ಯಾರೂ ಯುದ್ಧ ಮಾಡಲಿಲ್ಲ, ಯಾರೂ ಸೋಲಲಿಲ್ಲ, ಸದ್ದೇ ಆಗಲಿಲ್ಲ. ನನ್ನ ವಿದ್ಯಾರ್ಥಿಗಳನ್ನು ಬೆಳಿಗ್ಗೆ ಏನು ತಿಂದಿರಿ ಎಂದು ಮೊನ್ನೆ ಕೇಳಿದೆ. ಹೆಚ್ಚಿನವರು ಚಹಾ, ಬಿಸ್ಕೀಟು ಎಂದರು. ನಾನು ಬೈಯಲಿಲ್ಲ. ಅವತ್ತು ನಾನು ತಿಂದದ್ದೂ ಅದೇ.

ಹೋದ ವಾರ ಸಾವಳಗಿಯಲ್ಲಿ ಸಂಬಂಧಿಕರ ಮನೆಯ ಮಗುವಿನ ಜಾವಳ, ಮೊದಲ ಕೂದಲು ತೆಗೆಸುವ ಕಾರ್ಯ, ಇತ್ತು. ಕಾಕಾ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದ, ಬೆರಳು ಮುಚ್ಚುವಂಥವು. ನನ್ನ ಪಕ್ಕದಲ್ಲೇ ಪಂಕ್ತಿಗೆ ಕೂತ. ಬಡಿಸುವವರು ಅನ್ನದ ಬುಟ್ಟಿ ಹಿಡಿದು ಬಂದರೆ ಸ್ವಲ್ಪ ಹಾಕಿಸಿಕೊಂಡ. ಮಡಕಿಕಾಳಿನ ಪಲ್ಲೆ ಬಂದಾಗ ಹಾಕಿಸಿಕೊಂಡ, ತಿಂದ, ಮತ್ತೆ ಕರೆದು ಹಾಕಿಸಿಕೊಂಡ. ಎದುರಿಗೆ ಕೂತಿದ್ದ ಹಳೆಯ ಗೆಳೆಯನೊಬ್ಬ, ಇಷ್ಟು ಕಾಳು ಯಾರಿಗೆ ಬೇಕಪ್ಪಾ, ಹೊಟ್ಟೆ ಇನ್ನೂ ತುಂಬಲಿಲ್ಲವೇ ಎಂದು ಚಾಷ್ಟಿ ಮಾಡಿದ.

ಕಾಕಾ ಅಗಿಯುವುದು ನಿಲ್ಲಿಸಲಿಲ್ಲ.

"ನಂದು ಊಟಾ ಆಗೈತೋ. ಇದು ಅವಕ್ಕ."

ನಿಮ್ಮ ಮನೆಯಲ್ಲಿ ಇವತ್ತು ಅವಕ್ಕೇನು ಬಡಿಸಿದಿರಿ?